ಅಯೋವಾದ ಜೇಕಬ್ ಮತ್ತು ಕಿನ್ನಿಗೋಳಿಯ ಜಯಂತಿ

ಅಮೆರಿಕದ ಸ್ಟರ್ಲಿಂಗ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಜಯಂತಿ ಶೆಟ್ಟಿ ಡಬ್ಬಿಗೆ ಅವಲಕ್ಕಿ ತುಂಬಿಕೊಂಡು ವಾಷಿಂಗ್ಟನ್ ಬಸ್ಸಿಗೆ ಓಡುತ್ತಾರೆ. ಅಲ್ಲಿನ ಸರಕಾರಿ ದಾಖಲೆ ಭವನದ ಬಾಗಿಲು ತೆರೆಯುವಾಗ ಸಾಲಿನ ಮುಂದೆ ನಿಂತಿರುವವರು ಹೆಚ್ಚಾಗಿ ಅವರೇ. ಒಳಹೊಕ್ಕರೆ ಸಂಜೆಯವರೆಗೆ ಹಳೆಯ ಜನಗಣತಿಯ ಫಿಲ್ಮ್ ಸುರುಳಿಗಳ ಮುಂದೆ ಕಣ್ಣು ಕಿರಿದು ಮಾಡಿ ಕೂರುತ್ತಾರೆ. ನೂರೈವತ್ತು ವರ್ಷದ ಹಿಂದೆ ಅಯೋವಾದಲ್ಲೋ ಇಂಡಿಯಾನಾದಲ್ಲೋ ಉತ್ತು ಬಿತ್ತಿ ಸತ್ತ ರೈತರನ್ನು ಅವರ ಮರಿಮಕ್ಕಳಿಗೆ ಹುಡುಕಿಕೊಡುವುದು ಅವರ ಕೆಲಸ.

ಮರಿಮಕ್ಕಳು ಆಮೇಲೆ ಮನೆತನದ ಪುಸ್ತಕ ಮಾಡಿಸುತ್ತಾರೆ. ಅದರಲ್ಲಿ ಸಾಕಿದ ನಾಯಿಯ ಹೆಸರಿಗೂ ಜಾಗವುಂಟು, ಜಯಂತಿಯ ಹೆಸರಿಗಿಲ್ಲ. ಗ್ರೀನ್ ಕಾರ್ಡ್ ಬರುವ ತನಕ ಅವರು ದುಡಿಯುವಂತಿರಲಿಲ್ಲ. ಹೊತ್ತು ಹೋಗಲೆಂದು ಲೈಬ್ರರಿಯಲ್ಲಿ ಸಂಬಳವಿಲ್ಲದೆ ಸೇರಿಕೊಂಡವರು ಅಲ್ಲಿಯೇ ಹಳೆಯ ಕೈಬರಹ ಓದಲು ಕಲಿತರು. ಇದನ್ನೆಲ್ಲ ಹೊಗಳಹೊರಟರೆ ಕೈ ಅಡ್ಡ ಹಿಡಿಯುತ್ತಾರೆ.

"ಎಡ್ನಾ ಅವ್ರ ವಿಷಯ ಮೊದ್ಲು ಬರೀರಿ. ಆಮೇಲೂ ಮನಸ್ಸು ಬಂದ್ರೆ ಹೊಗಳಿ."

ಎಡ್ನಾ ಪಕ್ಕದ ಊರು ಹರ್ನ್‌ಡನ್‌ನಲ್ಲಿರುವ ನಿವೃತ್ತ ಟೀಚರ್, ಎಂಬತ್ತು ದಾಟಿದವರು. ಮೂರು ವರ್ಷದ ಹಿಂದೆ, 2005ರಲ್ಲಿ, ಮುತ್ತಜ್ಜ ಜೇಕಬ್‌ನ ಸಂಸಾರದ ವಿವರ ಹುಡುಕಿಕೊಡಲು ಕೇಳಿದರು. ಅಯೋವಾದ ಜನಗಣತಿಯಲ್ಲಿ ಸಿಕ್ಕಿದ್ದು ಒಂದು ಮನೆ: ಜೇಕಬ್, ಕ್ಯಾಥರೀನ್, ಮಕ್ಕಳು. ಎಲ್ಲರಿಗೂ ಒಂದೇ ಮನೆತನದ ಹೆಸರು. ಯಾರು ಯಾರಿಗೆ ಏನಾಗಬೇಕೆಂದು ಆ ಕಾಲದ ಗಣತಿ ಹೇಳುವುದಿಲ್ಲ. ಜೇಕಬ್‌ಗೆ ಕ್ಯಾಥರೀನ್ ಎಂಬ ತಂಗಿ ಹುಟ್ಟಿದ್ದು ಮಾತ್ರ ಚರ್ಚಿನ ದಾಖಲೆಯಲ್ಲಿತ್ತು.

ಜಯಂತಿ ಬೆಳೆದದ್ದು ಕಿನ್ನಿಗೋಳಿ ಕಡೆಯ ಅಳಿಯಕಟ್ಟಿನ ಮನೆಯಲ್ಲಿ. ಅಲ್ಲಿ ಯಜಮಾನ ಸೋದರಮಾವ, ಮಕ್ಕಳು ತಾಯಿಯ ಮನೆಯವರು. "ಒಂದೇ ಮನೆ ಹೆಸರಿನ ಗಂಡ್ಸು, ಹೆಂಗ್ಸು, ಮಕ್ಳು ಅಂದ್ರೆ ನನ್ನ ತಲೇಲಿ ಮಾವ, ಅಮ್ಮ, ನಾವು. ಡೌಟೇ ಬರ್ಲಿಲ್ಲ ಮಾರಾಯ್ರೆ."

ಕ್ಯಾಥರೀನ್ ಜೇಕಬ್‌ನ ತಂಗಿ, ಮಕ್ಕಳ ತಂದೆ ಯಾರೆಂದು ತಿಳಿದಿಲ್ಲ ಎಂದು ಸಲೀಸಾಗಿ ಬರೆದುಕೊಟ್ಟರು. ಎಡ್ನಾಗೆ ಎದೆ ಒಡೆದಂತಾಯಿತು. ಮಕ್ಕಳಿಗೆ ತಾಯಿಯ ತವರಿನ ಹೆಸರೇ ಇದ್ದ ಮೇಲೆ ಮುತ್ತಜ್ಜಿ ಕ್ಯಾಥರೀನ್ ಮದುವೆಯಿಲ್ಲದೆ ಹೆತ್ತವಳೆಂದು ಅವರು ತಿಳಿದರು, ಯಾರಿಗೂ ಹೇಳಲಿಲ್ಲ. ಪ್ರತಿ ಜೂನ್‌ನಲ್ಲಿ ನೆಂಟರೆಲ್ಲ ಜೇಕಬ್‌ನ ಊರಿನಲ್ಲಿ ಸೇರುತ್ತಾರೆ. ಮೊಣಕಾಲು ನೋವೆಂದು ನೆಪ ಹೇಳಿ ಎರಡು ವರ್ಷ ಹೋಗಲೇ ಇಲ್ಲ. ಕಳೆದ ಚಳಿಗಾಲದಲ್ಲಿ ಅಯೋವಾದಲ್ಲಿದ್ದ ಅವರ ಅಣ್ಣ ತೀರಿಕೊಂಡರು.

ಅದಾಗಿ ತಿಂಗಳೊಳಗೆ, ಬೇರೆ ಯಾರನ್ನೋ ಹುಡುಕುತ್ತಿದ್ದ ಜಯಂತಿಯ ಕೈಗೆ ಜೇಕಬ್‌ನ ಸೈನ್ಯದ ಕಡತ ಸಿಕ್ಕಿತು. ಅವನು ಅಂತರ್ಯುದ್ಧದಲ್ಲಿ ಸತ್ತಿದ್ದ. ಅವನ ವಿಧವೆಗೆ ಪಿಂಚಣಿ ಕೊಡಿಸಲು, ತಾನೇ ಅವರಿಬ್ಬರ ಮದುವೆ ಮಾಡಿಸಿದ್ದೆಂದು ಪಾದ್ರಿ ಪ್ರಮಾಣ ಮಾಡಿದ್ದ. ಕ್ಯಾಥರೀನ್ ಹೆಂಡತಿ. ಅದೇ ಹೆಸರಿನ ತಂಗಿ ಎಳವೆಯಲ್ಲೇ ತೀರಿಹೋಗಿದ್ದಳು.

ಜಯಂತಿ ಅದರ ಪ್ರತಿ ತೆಗೆಸಿಕೊಂಡು ನೇರ ಹರ್ನ್‌ಡನ್‌ಗೆ ಹೋದರು. ಎಡ್ನಾ ಬೈಯಲಿಲ್ಲ. "ಅಣ್ಣ ಕರೆದಾಗಲೆಲ್ಲ ಮೊಣಕಾಲು ಅಂದೆ" ಎಂದರು, ಅಷ್ಟೇ.

"ಬೈದಿದ್ರೆ ಎಷ್ಟೋ ವಾಸಿ" ಎನ್ನುತ್ತಾರೆ ಜಯಂತಿ. "ನಮ್ಮಲ್ಲಿ ಮರ್ಯಾದೆಯ ಸಂಸಾರ, ಅವ್ರಲ್ಲಿ ಮಾನ ಹೋಗೋ ಮಾತು. ಬರೆಯೋ ಮೊದ್ಲು ಇನ್ನೊಂದು ಕಡೆ ಚೆಕ್ ಮಾಡ್ಬೇಕಿತ್ತು. ನಾಚಿಕೆಯಿಂದ ಅವ್ರ ಮುಖ ನೋಡ್ಲಿಕ್ಕಾಗ್ಲಿಲ್ಲ."

ಈ ಜೂನ್‌ನಲ್ಲಿ ನೆಂಟರ ಕೂಟಕ್ಕೆ ಜೊತೆಗೆ ಬಂದು, ತಪ್ಪು ತನ್ನದೆಂದು ಎಲ್ಲರೆದುರು ಹೇಳುತ್ತೇನೆಂದು ಜಯಂತಿ ಬೇಡಿಕೊಂಡರು. ಎಡ್ನಾ ಒಪ್ಪಲಿಲ್ಲ. ಹಾಗೆ ಹೇಳಿದರೆ ತಾನು ಎರಡು ವರ್ಷ ಯಾಕೆ ಬರಲಿಲ್ಲವೆಂಬುದು ನೆಂಟರಿಗೆ ತಿಳಿಯುತ್ತದೆ, ಸ್ವಂತ ಮುತ್ತಜ್ಜಿಗೆ ತಾನು ನಾಚಿಕೊಂಡದ್ದು ತಿಳಿಯುತ್ತದೆ ಎಂದರು.

ಜಯಂತಿ ಕೆಲಸ ಬಿಟ್ಟಿಲ್ಲ. ಎರಡು ಕಡೆ ಸಾಕ್ಷಿ ಸಿಗದೆ ಈಗ ಒಂದು ಸಂಬಂಧವನ್ನೂ ಬರೆದುಕೊಡುವುದಿಲ್ಲ. ಕನ್ನಡ ಸಂಘದ ಯುಗಾದಿಯಲ್ಲಿ "ಅಮೆರಿಕದವ್ರಿಗೇ ಅವ್ರ ಅಜ್ಜನ್ನ ತೋರಿಸಿಕೊಟ್ಟೋರು" ಎಂದು ಚಪ್ಪಾಳೆ ಹೊಡೆಸಿದಾಗ ನೆಲ ನೋಡುತ್ತ ನಿಂತಿದ್ದರು. ಆ ಚಪ್ಪಾಳೆಯವರೇ ಈ ಪತ್ರಿಕೆಯ ಓದುಗರೂ ಹೌದು. ಅದಕ್ಕೇ ಅವರದೊಂದು ಕೋರಿಕೆ.

"ಆ ಮನೆಯವ್ರ ಹೆಸರೆಲ್ಲ ಬದಲ್ಸಿ. ನನ್ನ ಹೆಸ್ರು ಮಾತ್ರ ಇದ್ದ ಹಾಗೇ ಹಾಕಿ."