ಹಿಂದಿನ ಸೀಟಿನ ಕಿವಿಯಕ್ಕ

ಬೆಳಕು ಈಗಷ್ಟೇ ಹರಿಯುತ್ತಿದೆ. ಬೀದಿಯ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಬೂದು ಬಣ್ಣದ ಹಳೆಯ ಸೆಡಾನ್ ಕಾರೊಂದು ಆಮೆಗತಿಯಲ್ಲಿ ಮೂಲೆ ತಿರುಗುತ್ತದೆ. ಸ್ಟೀರಿಂಗ್ ಹಿಡಿದಿರುವವರು ಗ್ಯಾರೇಜಿನ ಮೇಸ್ತ್ರಿ. ಪಕ್ಕದ ಸೀಟು ಖಾಲಿ. ಅವರ ಹೆಂಡತಿ ಹಿಂದೆ ಕೂತು, ಕಣ್ಣು ಮುಚ್ಚಿ, ಕೆನ್ನೆಯನ್ನು ಬಾಗಿಲಿಗೆ ಆನಿಸಿದ್ದಾರೆ. ಬೆಳಗ್ಗೆ ಬೆಳಗ್ಗೆಯೇ ಗಂಡ ಹೆಂಡತಿಗೆ ಜಗಳವಾಗಿ ಒಬ್ಬರು ಮುಂದೆ, ಒಬ್ಬರು ಹಿಂದೆ ಕೂತಿದ್ದಾರೆ ಎಂದು ನೋಡಿದವರು ಅಂದುಕೊಂಡರೆ ತಪ್ಪಿಲ್ಲ.

"ಆ ಹಂಪ್ ಮೇಲೆ ಹತ್ತಿಸಿ. ಬ್ರೇಕ್ ಒತ್ತಬೇಡಿ," ಅನ್ನುತ್ತಾರೆ ಅವರು, ಕಣ್ಣು ತೆರೆಯದೆ.

ಕಾರು ಹತ್ತಿ ಇಳಿಯುತ್ತದೆ. ಎಲ್ಲೋ ಒಂದು ನಾಯಿ ಬೊಗಳುತ್ತದೆ. ಅದು ಬಿಟ್ಟರೆ ಬೇರೆ ಸದ್ದೇ ಇಲ್ಲ.

"ಏನಾದ್ರೂ ಸಿಕ್ತಾ?"

"ಇಲ್ಲ ರೀ. ಮಗು ಥರ ಸುಮ್ಮನಿದೆ. ನಮ್ಮ ಮುಂದೆ ಮಾತ್ರ ಒಳ್ಳೇದು ಇದು."

ಗ್ಯಾರೇಜಿನ ಕೆಲಸದಲ್ಲಿ ಸದ್ದಿಲ್ಲ ಅಂದರೆ ಖುಷಿ ಪಡಬೇಕು. ಇಲ್ಲಿ ಹಾಗಿಲ್ಲ. ಈ ಕಾರು ಸದ್ದು ಮಾಡುತ್ತದೆಂದು ಬಂದಿರುವುದು ಇದು ಮೂರನೆಯ ಸಲ. ಮೊದಲ ಸಲ ಮೇಸ್ತ್ರಿ ಬ್ರೇಕ್ ಬಿಚ್ಚಿ ಸಡಿಲವಾದದ್ದನ್ನೆಲ್ಲ ಬಿಗಿ ಮಾಡಿ ಕಳಿಸಿದರು. ಎರಡನೆಯ ಸಲ ಹಿಂದಿನ ಶಾಕ್ ಅಬ್ಸಾರ್ಬರಿನ ರಬ್ಬರ್ ಬುಷ್ ಬದಲಾಯಿಸಿದರು. ಎರಡೂ ಸಲ ಇಲ್ಲಿಂದ ಹೊರಟಾಗ ತುಟಿ ಪಿಟಕ್ಕೆನ್ನದ ಕಾರು, ಕಾರಿನ ಯಜಮಾನರ ಮನೆಯವರು ಹತ್ತಿ ಕೂತು ಹೊರಟರೆ ಮತ್ತೆ ಟಣ್ ಎನ್ನುತ್ತದಂತೆ.

ಊರ ತುಂಬ ಮೇಸ್ತ್ರಿಗಳಿದ್ದಾರೆ. ಬಿಚ್ಚುವುದು, ಕಟ್ಟುವುದು, ಬಿಗಿ ಮಾಡುವುದು ಎಲ್ಲರಿಗೂ ಬರುತ್ತದೆ. ಎಲ್ಲಿ ಬಿಚ್ಚಬೇಕೆಂದು ಕೇಳಿಸಿಕೊಂಡು ಹೇಳುವವರು ಹಿಂದೆ ಕೂತಿರುವ ಈ ಹೆಂಡತಿಯೊಬ್ಬರೇ. ಬೋರ್ಡಿನ ಮೇಲೆ ಇವರ ಹೆಸರಿಲ್ಲ. ಆದರೆ ಬರುವ ಗಿರಾಕಿಗಳು ಮೊದಲು ಕೇಳುವುದು, "ಕಿವಿಯಕ್ಕ ಇದ್ದಾರಾ?" ಎಂದೇ. ಮೇಸ್ತ್ರಿಗೂ ಇದರಿಂದ ಬೇಜಾರಿಲ್ಲ. "ಕೈ ನಂದು, ಕಿವಿ ಅವಳದು. ಮನೇಲಿ ಮಾತ್ರ ಬಾಯಿನೂ ಅವಳದೇ," ಎಂದು ಹೇಳಿ, ಹೆಂಡತಿ ಹತ್ತಿರದಲ್ಲಿಲ್ಲ ತಾನೇ ಎಂದು ತಿರುಗಿ ನೋಡುತ್ತಾರೆ.

ಮದುವೆಗೆ ಮೊದಲು ಕಿವಿಯಕ್ಕ ಬಟ್ಟೆ ಕಾರ್ಖಾನೆಯೊಂದರಲ್ಲಿ ಸಾಲಾಗಿ ಇಟ್ಟ ಹೊಲಿಗೆ ಯಂತ್ರಗಳ ನಡುವೆ ಕೂತು ಕಾಲರ್ ಹೊಲಿಯುತ್ತಿದ್ದರು. ಹಿಂದಿನ ಸಾಲಿನ ಯಾವ ಯಂತ್ರಕ್ಕೆ ಎಣ್ಣೆ ಬೇಕಾಗಿದೆ ಎಂದು ತಿರುಗಿ ನೋಡದೆ ಹೇಳುತ್ತಿದ್ದರಂತೆ. "ದಿನವಿಡೀ ಅದೇ ಸದ್ದು. ಒಂದು ಸ್ವಲ್ಪ ಬೇರೆ ಥರ ಆದ್ರೆ ಗೊತ್ತಾಗಲ್ವಾ? ಮನೇಲಿ ಮಕ್ಕಳ ಅಳು ಗೊತ್ತಾಗಲ್ವಾ, ಯಾವುದು ಹಸಿವು, ಯಾವುದು ನಾಟಕ ಅಂತ?" ಎನ್ನುತ್ತಾರೆ. ಮದುವೆಯಾದ ಮೇಲೆ ಗಂಡನಿಗೆ ಊಟ ಕೊಡಲು ಗ್ಯಾರೇಜಿಗೆ ಬರುತ್ತಿದ್ದರು. ಒಂದು ದಿನ ರಿಪೇರಿಯಾದ ಕಾರಿನಲ್ಲಿ ಮನೆತನಕ ಬಿಡುತ್ತೇನೆಂದು ಮೇಸ್ತ್ರಿ ಕೂರಿಸಿಕೊಂಡು ಹೊರಟರೆ, ದಾರಿಯಲ್ಲೇ, "ಹಿಂದುಗಡೆ ಎಡಕ್ಕೆ ಯಾರೋ ಬೀಸೋ ಕಲ್ಲು ತಿರುಗಿಸ್ತಿದ್ದಾರೆ," ಅಂದರು. ಗಂಡ ನಕ್ಕರು. ಚಕ್ರ ಬಿಚ್ಚಿ ನೋಡಿದರೆ ಬೇರಿಂಗ್ ಸವೆದು ಹೋಗಿತ್ತು. ಅಂದಿನಿಂದ ಇಬ್ಬರ ನಡುವೆ ಒಂದು ಬೇರೆಯೇ ಭಾಷೆ ಬೆಳೆದಿದೆ. ಬೀಸುವ ಕಲ್ಲು ಅಂದರೆ ಬೇರಿಂಗ್, ಹಳೆ ಮಂಚ ಅಂದರೆ ಬುಷ್, ಬಳೆ ಅಂದರೆ ಅಡಿಯಲ್ಲಿ ಸಡಿಲಾದ ತಗಡು. "ಎರಡು ಬಳೆ, ಒಂದು ಮಂಚ," ಎಂದು ಕಿವಿಯಕ್ಕ ಕೂಗಿದಾಗ ಹೊಸ ಗಿರಾಕಿಗಳು ಇದು ಗ್ಯಾರೇಜೋ, ಮದುವೆ ಮನೆಯೋ ಎಂದು ಕಕ್ಕಾಬಿಕ್ಕಿಯಾಗುತ್ತಾರೆ.

ಸುಲಭದ ಕೆಲಸವೇನಲ್ಲ. ಮೊದಮೊದಲು ಕಣ್ಣು ಮುಚ್ಚಿ ಹಿಂದೆ ಕೂತರೆ ಹೊಟ್ಟೆ ತೊಳಸಿ ವಾಂತಿ ಬರುತ್ತಿತ್ತು. ಗಿರಾಕಿಯ ಕಾರು ಸರಿಮಾಡಲು ಹೋಗಿ ಅದೇ ಕಾರನ್ನು ತೊಳೆದುಕೊಟ್ಟ ದಿನಗಳೂ ಇವೆ. ಈಗಲೂ ಸೊಂಟದ ಗಂಟಿನಲ್ಲಿ ಒಂದು ಚೂರು ಶುಂಠಿ ಇದ್ದೇ ಇರುತ್ತದೆ. ಗ್ಯಾರೇಜಿಗೆ ತಗಡಿನ ಮಾಡು. ಮಳೆ ಬಿದ್ದರೆ ಎದುರಿಗಿದ್ದವರ ಮಾತೇ ಕೇಳಿಸದು, ಇನ್ನು ಕಾರಿನ ನರಳಾಟ ಎಲ್ಲಿ ಕೇಳಬೇಕು. ಆ ದಿನಗಳಲ್ಲಿ ಕೆಲಸ ನಿಲ್ಲುತ್ತದೆ, ಮೇಸ್ತ್ರಿಯ ಮುಖ ಊದಿಕೊಳ್ಳುತ್ತದೆ. ಬೀದಿಯಲ್ಲಿ ಗಾಡಿಗಳ ಗದ್ದಲ ಶುರುವಾದ ಮೇಲೂ ಸದ್ದು ಹಿಡಿಯುವುದು ಕಷ್ಟ. ಹಾಗಾಗಿ ಇವರ ದಿನ ಹಾಲಿನವನಿಗಿಂತ ಮೊದಲೇ ಶುರುವಾಗುತ್ತದೆ.

ಇಲ್ಲಿ ಒಂದು ನಿಯಮವಿದೆ. ಅದನ್ನು ಮಾಡಿದವರು ಕಿವಿಯಕ್ಕನೇ. ಯಾವ ಕಾರು ಬಂದರೂ ಮೊದಲು ಡಿಕ್ಕಿ ಖಾಲಿ ಮಾಡಬೇಕು, ಸೀಟಿನ ಅಡಿ ಗುಡಿಸಬೇಕು, ಆಮೇಲೆಯೇ ಸುತ್ತು ಹೋಗಬೇಕು. ಹಿಂದೊಮ್ಮೆ ಕಟಕಟ ಸದ್ದಿನ ಬೆನ್ನು ಹತ್ತಿ ಇಬ್ಬರೂ ಒಂದು ಕಾರಿನ ಡ್ಯಾಶ್‌ಬೋರ್ಡನ್ನೇ ಬಿಚ್ಚಿ ಹರಡಿಕೊಂಡು ಕೂತಿದ್ದರು. ಕೊನೆಗೆ ನೋಡಿದರೆ ಡಿಕ್ಕಿಯೊಳಗೆ ಒಂದು ಸ್ಟೀಲ್ ಡಬ್ಬಿ ಉರುಳಾಡುತ್ತಿತ್ತು. ಆ ಡಬ್ಬಿ ಇವರಿಗೆ ಚಳ್ಳೆಹಣ್ಣು ತಿನ್ನಿಸಿದ್ದನ್ನು ಕಿವಿಯಕ್ಕ ಇನ್ನೂ ಮರೆತಿಲ್ಲ. "ಅವತ್ತಿಂದ ಕಾರು ಖಾಲಿ ಇರ್ಲೇಬೇಕು. ಇದರಲ್ಲಿ ರಾಜಿ ಇಲ್ಲ," ಎನ್ನುತ್ತಾರೆ.

ಬೂದು ಸೆಡಾನಿನ ಡಿಕ್ಕಿಯಿಂದ ಇಳಿಸಿದ ಸಾಮಾನು ಈಗ ಬೆಂಚಿನ ಮೇಲೆ ರಾಶಿ ಬಿದ್ದಿದೆ. ಎಲ್ಲವೂ ದಾರ ಕಟ್ಟಿದ ಪುಸ್ತಕದ ಕಟ್ಟುಗಳು. ಕಾರಿನ ಯಜಮಾನರದು ಪುಸ್ತಕದಂಗಡಿ.

ಅಂಗಡಿ ತೆರೆಯುವ ಮೊದಲೇ ಅವರು ನಡೆದುಕೊಂಡು ಬರುತ್ತಾರೆ. ಜತೆಗೆ ಹೆಂಡತಿ, ಮಗಳು, ಮಗಳ ತೋಳು ಹಿಡಿದುಕೊಂಡು ಯಜಮಾನರ ವಯಸ್ಸಾದ ತಾಯಿ. ಯಜಮಾನರ ಮಾತಿನಲ್ಲಿ ಸಿಟ್ಟಿಲ್ಲ, ಸುಸ್ತಿದೆ. "ಅಕ್ಕ, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಆದ್ರೆ ಸಾಕಾಗಿದೆ. ಸಾಯಂಕಾಲ ಒಬ್ಬರು ಕಾರು ನೋಡೋಕೆ ಬರ್ತಾರೆ. ಸದ್ದು ಹೋಗ್ಲಿಲ್ಲ ಅಂದ್ರೆ ಬಂದಷ್ಟಕ್ಕೆ ಕೊಟ್ಟು ಹೊಸದು ತಗೋತೀವಿ. ಎತ್ತರದ್ದು, ದೊಡ್ಡದು."

ಮಗ ಮೇಸ್ತ್ರಿಯ ಜತೆ ಬಾನೆಟ್ಟಿನ ಕಡೆ ಹೋದ ಮೇಲೆ ಅಜ್ಜಿ ಕಿವಿಯಕ್ಕನ ಪಕ್ಕ ಸ್ಟೂಲಿನಲ್ಲಿ ಕೂತು ಮೆಲ್ಲಗೆ ಶುರು ಮಾಡುತ್ತಾರೆ.

"ಆ ಎತ್ತರದ ಕಾರಿಗೆ ನನ್ನ ಮಂಡಿ ಒಪ್ಪಲ್ಲ ಕಣಮ್ಮ. ಶೋರೂಮಲ್ಲಿ ಇಬ್ಬರು ಹಿಡಿದು ಎತ್ತಿ ಕೂರಿಸಿದ್ರು, ಮೂಟೆ ಎತ್ತೋ ಹಾಗೆ. ಎಲ್ಲರೂ ನೋಡ್ತಿದ್ರು. ಇದಾದ್ರೆ ಕೂತ್ಕೊಂಡು, ತಿರುಗಿ, ಕಾಲು ಒಳಗಿಟ್ರೆ ಮುಗೀತು. ಯಾರ ಹಂಗೂ ಇಲ್ಲ."

"ಮಗನಿಗೆ ಹೇಳಲಿಲ್ವಾ ಅಜ್ಜಿ?"

"ಏನಂತ ಹೇಳ್ಲಿ? ಹೊಸ ಕಾರು ಅಂದ್ರೆ ಮೂರೂ ಜನಕ್ಕೆ ಆಸೆ. ನಾನು ಅಡ್ಡಗಾಲು ಹಾಕಿದ ಹಾಗಾಗುತ್ತೆ. ಇನ್ಮೇಲೆ ನೀವು ಹೋಗಿ ಬನ್ನಿ, ನಾನು ಮನೆ ನೋಡ್ಕೋತೀನಿ ಅಂದ್ಬಿಟ್ರೆ ಆಯ್ತು. ಆದ್ರೆ ನನಗೆ ತಿರುಗಾಡೋದು ಅಂದ್ರೆ ಬಹಳ ಇಷ್ಟ."

ಕಿವಿಯಕ್ಕನಿಗೆ ಎಷ್ಟೋ ಕಾರುಗಳ ಸದ್ದು ಸಿಗದೆ ಹೋದದ್ದಿದೆ. ಅವು ಸಿಗಲಿಲ್ಲವೆಂದು ಯಾರೂ ಮನೆಯೊಳಗೆ ಉಳಿದಿರಲಿಲ್ಲ. ಅವರು ಎದ್ದು ಸೆರಗು ಸಿಕ್ಕಿಸಿ, "ಬನ್ನಿ, ನೀವೂ ಹತ್ತಿ. ಇನ್ನೊಂದು ಸಲ ನೋಡೇಬಿಡೋಣ," ಎನ್ನುತ್ತಾರೆ. ಅಜ್ಜಿ ಎಡಗಡೆ ತಮ್ಮ ಮಾಮೂಲಿ ಜಾಗದಲ್ಲಿ ಕೂರುತ್ತಾರೆ. ಪಕ್ಕದಲ್ಲಿ ಕಿವಿಯಕ್ಕ. ಸುತ್ತು ಹೋಗಿ ಬಂದರೂ ಕಾರು ಬಾಯಿ ಬಿಡುವುದಿಲ್ಲ. ಮೇಸ್ತ್ರಿ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿ ಕಾರನ್ನು ಗ್ಯಾರೇಜಿನ ಮುಂದೆ ನಿಲ್ಲಿಸುತ್ತಾರೆ.

ಇಳಿಯುವಾಗ ಅಜ್ಜಿಯ ಕಣ್ಣು ಬೆಂಚಿನ ಮೇಲೆ ಬೀಳುತ್ತದೆ.

"ಅಯ್ಯೋ, ಇವನ್ನೆಲ್ಲ ಯಾಕೆ ಇಳಿಸಿದ್ರಿ? ಇವಿಲ್ದೆ ಈ ಕಾರು ಎಲ್ಲಿಗೂ ಹೋಗಿದ್ದೇ ಇಲ್ಲ. ಅಂಗಡೀಲಿ ಜಾಗ ಇಲ್ಲ ಅಂತ ಅವನು ಡಿಕ್ಕೀನೇ ಗೋದಾಮು ಮಾಡ್ಕೊಂಡಿದ್ದಾನೆ."

ಕಿವಿಯಕ್ಕ ನಿಂತಲ್ಲೇ ನಿಲ್ಲುತ್ತಾರೆ. ಪುಸ್ತಕದ ರಾಶಿ ನೋಡುತ್ತಾರೆ, ಕಾರಿನ ಹಿಂಭಾಗ ನೋಡುತ್ತಾರೆ. ಆಮೇಲೆ ನಗಲು ಶುರು ಮಾಡಿದವರು, ಬಾಗಿಲು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾರೆ. ಮೇಸ್ತ್ರಿಗೆ ಗಾಬರಿ.

"ರೀ, ಕಾರಿಗೆ ರೋಗ ಬಂದಿದ್ದು ಭಾರ ಹೊತ್ತಾಗ. ನಾವು ಭಾರ ಇಳಿಸಿ, ಮೈ ತೊಳೆಸಿ, ಈಗ ಹೇಗಿದ್ದೀಯಪ್ಪ ಅಂತ ಮೂರು ಸಲ ಕೇಳಿದ್ವಿ. ಚೆನ್ನಾಗಿದ್ದೀನಿ ಅಂತು, ಇನ್ನೇನು ಅನ್ನುತ್ತೆ? ಎಲ್ಲ ನನ್ನ ನಿಯಮದ ಪ್ರಭಾವ. ತುಂಬ್ಸಿ ಎಲ್ಲಾನೂ."

ಎಲ್ಲರೂ ಸೇರಿ ಕಟ್ಟುಗಳನ್ನು ತುಂಬುತ್ತಾರೆ. ಕಿವಿಯಕ್ಕನ ಹುಕುಂ ಈಗ ಬೇರೆ: ಮನೆಯಿಂದ ಹೊರಟಾಗ ಯಾರು ಎಲ್ಲಿ ಕೂರುತ್ತಾರೋ ಅಲ್ಲೇ ಕೂರಬೇಕು. ಯಜಮಾನರು ಸ್ಟೀರಿಂಗ್ ಹಿಡಿಯುತ್ತಾರೆ, ಪಕ್ಕದಲ್ಲಿ ಅವರ ಹೆಂಡತಿ. ಹಿಂದೆ ಅಜ್ಜಿ, ಮೊಮ್ಮಗಳು. ಅವರಿಬ್ಬರ ನಡುವೆ ಕಿವಿಯಕ್ಕ ತೂರಿಕೊಳ್ಳುತ್ತಾರೆ. ಕಾರಿನ ಹಿಂಭಾಗ ನೆಲದ ಕಡೆಗೆ ಕುಸಿಯುತ್ತದೆ. ಮೇಸ್ತ್ರಿ ರಸ್ತೆ ಬದಿಯಲ್ಲಿ ಕೈಕಟ್ಟಿ ನಿಂತು ನೋಡುತ್ತಾರೆ. ಮೊದಲನೆಯ ಹಂಪ್ ಇಳಿಯುತ್ತಿದ್ದಂತೆ ಅಡಿಯಿಂದ ಸದ್ದು ಬರುತ್ತದೆ. ಟಣ್.

"ಬಂತು, ಬಂತು," ಎಂದು ಅಜ್ಜಿ ಚಪ್ಪಾಳೆ ತಟ್ಟುತ್ತಾರೆ. ತಮ್ಮ ಕಾರು ಹಾಳಾಗಿದೆಯೆಂದು ಇಷ್ಟು ಖುಷಿಪಟ್ಟವರು ಈ ಗ್ಯಾರೇಜಿನ ಇತಿಹಾಸದಲ್ಲೇ ಬೇರೆ ಯಾರೂ ಇಲ್ಲ.

"ಪೈಪು," ಎನ್ನುತ್ತಾರೆ ಕಿವಿಯಕ್ಕ. "ಬಲಗಡೆ, ಹಿಂದಿನ ಚಕ್ರದ ಹತ್ತಿರ. ಟೊಳ್ಳು ಸದ್ದು."

ಗ್ಯಾರೇಜಿಗೆ ಮರಳಿದ ಮೇಲೆ ಮೇಸ್ತ್ರಿ ಕಾರಿನಡಿಗೆ ನುಸುಳುತ್ತಾರೆ. ಸೈಲೆನ್ಸರಿನ ಪೈಪನ್ನು ತೂಗುಹಾಕಿದ್ದ ರಬ್ಬರ್ ಉಂಗುರವೊಂದು ಒಳಮೈಯಲ್ಲಿ ಸೀಳಿ, ಹಿಗ್ಗಿ ಜೋತಿದೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗದು. ಕಾರು ಖಾಲಿಯಿದ್ದಾಗ ಪೈಪಿಗೂ, ಹಿಂದಿನ ಚಕ್ರಗಳನ್ನು ಕೂಡಿಸುವ ಕಬ್ಬಿಣದ ತೊಲೆಗೂ ನಡುವೆ ಜಾಗವಿರುತ್ತದೆ. ಪುಸ್ತಕ, ಮನೆ ಮಂದಿ ಎಲ್ಲ ಸೇರಿ ಕಾರು ಕುಗ್ಗಿದಾಗ ಎರಡೂ ಒಂದಕ್ಕೊಂದು ಬಡಿಯುತ್ತವೆ. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣ ರಬ್ಬರು. ಯಜಮಾನರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ.

"ಇಷ್ಟಕ್ಕಾ ನಾನು ಕಾರು ಮಾರೋಕೆ ಹೊರಟಿದ್ದು?"

"ಮೊದಲು ಸದ್ದು ಹೋಗಿದೆಯಾ ನೋಡೋಣ. ಆಮೇಲೆ ಮನೇಲಿ ಎಲ್ಲರನ್ನೂ ಕೇಳಿ ತೀರ್ಮಾನ ಮಾಡಿ," ಎನ್ನುತ್ತಾರೆ ಕಿವಿಯಕ್ಕ, ಎಲ್ಲರನ್ನೂ ಎಂಬುದನ್ನು ಸ್ವಲ್ಪ ಒತ್ತಿ. ಮೊಮ್ಮಗಳು ಅಜ್ಜಿಯ ಮುಖ ನೋಡುತ್ತಾಳೆ. "ಅಪ್ಪ, ಅಜ್ಜಿಗೆ ಆ ಕಾರು ಹತ್ತೋಕಾಗಲ್ಲ. ಅವತ್ತು ಶೋರೂಮಿಂದ ಬಂದ್ಮೇಲೆ ಅವರು ಊಟಾನೇ ಮಾಡ್ಲಿಲ್ಲ," ಎಂದುಬಿಡುತ್ತಾಳೆ. ಯಜಮಾನರು ತಾಯಿಯ ಕಡೆ ತಿರುಗುತ್ತಾರೆ. ಅಜ್ಜಿ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಯಜಮಾನರು ಫೋನ್ ತೆಗೆದು, ಸಾಯಂಕಾಲ ಬರುವುದು ಬೇಡವೆಂದು ಯಾರಿಗೋ ಹೇಳುತ್ತಾರೆ.

ಹೊಸ ರಬ್ಬರ್ ಹಾಕಿ ಮತ್ತೆ ಒಂದು ಸುತ್ತು. ಭಾರವೆಲ್ಲ ಹಾಗೇ ಇದೆ. ಈ ಸಲ ಮೇಸ್ತ್ರಿಯೇ ಓಡಿಸುತ್ತಾರೆ, ಯಜಮಾನರು ಪಕ್ಕದಲ್ಲಿ. ಅವರ ಹೆಂಡತಿ, ಮಗಳು, ಕಿವಿಯಕ್ಕ ಎಲ್ಲರೂ ಅಜ್ಜಿಯ ಜತೆ ಹಿಂದೆ ಒತ್ತಿಕೊಂಡು ಕೂತಿದ್ದಾರೆ. ಒಂದು ಹಂಪ್ ದಾಟುತ್ತದೆ. ಇನ್ನೊಂದು. ತಿರುವು, ಗುಂಡಿ, ಮತ್ತೊಂದು ಹಂಪ್. ಎಲ್ಲರೂ ಉಸಿರು ಬಿಗಿ ಹಿಡಿದಿದ್ದಾರೆ.

"ಏನಾದ್ರೂ ಕೇಳಿಸ್ತಾ?" ಮೇಸ್ತ್ರಿಯ ದನಿಯಲ್ಲಿ ಆತಂಕವಿದೆ.

ಕಿವಿಯಕ್ಕ ಕಣ್ಣು ತೆರೆದು ಎಡಕ್ಕೆ ನೋಡುತ್ತಾರೆ. ಅಜ್ಜಿಯ ತಲೆ ಅವರ ಭುಜದ ಮೇಲೆ ಒರಗಿದೆ, ಬಾಯಿ ಅರೆ ತೆರೆದಿದೆ.

"ಕೇಳಿಸ್ತು. ಅಜ್ಜಿ ಗೊರಕೆ ಹೊಡೀತಿದ್ದಾರೆ," ಎಂದು ಪಿಸುಗುಡುತ್ತಾರೆ. "ಗ್ಯಾರೇಜಿಗೆ ತಿರುಗಿಸಬೇಡಿ ರೀ. ಹೀಗೇ ಇನ್ನೊಂದು ಸುತ್ತು ಹೋಗೋಣ."