ಲಾವಣಿ ಬಿಡಿಸುತ್ತಿದ್ದ ಅರುಣಕುಮಾರ

ಅಗರಖೇಡದ ಅರುಣಕುಮಾರ ಮಂಗಳವಾರ ಮಧ್ಯಾಹ್ನ ತೀರಿಕೊಂಡ. ಮೂವತ್ತಾರು ವರ್ಷ. ಹೃದಯದ ಕವಾಟ ಹಾಳಾಗಿತ್ತು. ಆಪರೇಷನ್ನಿನ ಹಂತ ದಾಟಿದೆ ಎಂದು ಡಾಕ್ಟರರು ಯುಗಾದಿಗೆ ಮೊದಲೇ ಹೇಳಿದ್ದರು.

ಇಂಡಿ ಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಅವನದು ಮೊಬೈಲ್ ರಿಪೇರಿ ಅಂಗಡಿ. ಊರಿನಿಂದ ದಿನಾ ಟೆಂಪೋದಲ್ಲಿ ಬರುತ್ತಿದ್ದ. ಗಿರಾಕಿಗಳಲ್ಲಿ ಕೆಲವರು ಬ್ಲಾಕ್‌ಚೈನಿನ ಮೇಲೆ ಡಿಜಿಟಲ್ ನಾಣ್ಯ ಕಳಿಸುವವರು. ಅಲ್ಲಿ ನಾಣ್ಯ ಕಳಿಸಲು ಎನರ್ಜಿ ಎಂಬುದೊಂದು ಬೇಕು. ತಮ್ಮಲ್ಲಿ ಇಲ್ಲದವರು ಇದ್ದವರಿಂದ ಬಾಡಿಗೆಗೆ ತಂದು, ಅದಕ್ಕೆ ಅನಾಮತ್ತು, ಅಂದರೆ ಠೇವಣಿ, ಇಡುತ್ತಾರೆ. ಕೆಲಸವಾದ ಮೇಲೆ ಬಾಡಿಗೆ ರದ್ದು ಮಾಡಿದರೆ ಅನಾಮತ್ತಿನಲ್ಲಿ ಉಳಿದದ್ದು ಮರಳಿ ಬರುತ್ತದೆ. ಮರೆತರೆ ಬೇಸಿಗೆಯ ಕೆರೆಯ ಹಾಗೆ ಇಳಿಯುತ್ತ ಹೋಗಿ ತಳ ಕಾಣುತ್ತದೆ. ರದ್ದು ಮಾಡುವ ದಾರಿಯೋ, ಎಲ್ಲ ಇಂಗ್ಲಿಷಿನಲ್ಲಿ, ಎಲ್ಲೋ ಒಳಗೆ ಹುದುಗಿರುತ್ತಿತ್ತು. ಅರುಣ ಅದನ್ನು ಒಂದೇ ಪರದೆಗೆ ತಂದು ಕನ್ನಡದಲ್ಲಿ ಆ್ಯಪ್ ಮಾಡಿದ. ಸಿಂದಗಿ, ಮುದ್ದೇಬಿಹಾಳದ ಕಡೆಯವರೂ ಹಾಕಿಕೊಂಡರು.

ಬಾಡಿಗೆಯನ್ನು ಅವನು ‘ಲಾವಣಿ’ ಎಂದು ಕರೆದ. ಇನ್ನೊಬ್ಬರ ಹೊಲವನ್ನು ಕರಾರಿನ ಮೇಲೆ ಉಳುವುದಕ್ಕೆ ಈ ಕಡೆ ಹಾಗೆನ್ನುತ್ತಾರೆ. ಅವನ ಅಪ್ಪ ಭೀಮಶ್ಯಾ ಆಯುಷ್ಯವೆಲ್ಲ ಮಾಡಿದ್ದು ಅದನ್ನೇ.

ಪಕ್ಕದ ನಿಂಬೆಹಣ್ಣಿನ ದಲ್ಲಾಳಿ ಮಡಿವಾಳಪ್ಪ ಕೇಳಿ ನಕ್ಕಿದ್ದ. “ಹೊಲಾ ಎಲ್ಲೈತೋ ತಮ್ಮಾ? ಒಡ್ಡಿಲ್ಲ, ಬದುವಿಲ್ಲ, ಲಾವಣಿ ಅಂತ!”

“ಹೊಲಾನ ಇಲ್ರಿ ಕಾಕಾ. ಅದಕ್ಕ ಬದು ಒತ್ತೂ ಜಗಳಾನೂ ಇಲ್ಲ.”

ಆ್ಯಪು ಕೊನೆಗೊಮ್ಮೆ ಕೇಳುತ್ತಿತ್ತು: ಲಾವಣಿ ರದ್ದು ಮಾಡಲೇ? ಕೆಳಗೆ ಎರಡು ಬಟನ್. ಒಂದು ‘ಹೌದು’, ಇನ್ನೊಂದು ‘ಬಿಡು’. ರದ್ದು ಬೇಡವಾಗಿದ್ದರೆ ಬಿಡು, ಲಾವಣಿ ಇದ್ದ ಹಾಗೇ ಇರಲಿ ಎಂಬುದು ಅವನ ಮನಸ್ಸಿನಲ್ಲಿದ್ದ ಅರ್ಥ.

ಉಸಿರು ಸಾಲದಾದ ಮೇಲೆ ಅಂಗಡಿಗೆ ಬೀಗ ಹಾಕಿ ಮನೆ ಹಿಡಿದ. ಉಳಿದದ್ದು ಆ ಆ್ಯಪೊಂದೇ. ಯಾರಾದರೂ ‘ಚಲೋ ಆತು’ ಎಂದು ಬರೆದರೆ ಹೆಂಡತಿ ಪಲ್ಲವಿಗೆ ಓದಿ ಹೇಳುತ್ತಿದ್ದ.

ಸಿಂದಗಿಯ ನಾಜಿಮಾ ಫೋನು ಮಾಡಿದ್ದು ಆಗಲೇ. ದುಬೈದ ಗಿರಾಕಿಯೊಬ್ಬನಿಗೆ ಕಸೂತಿಯ ನಮೂನೆ ಬರೆದು ಕಳಿಸುವ ಹುಡುಗಿ. ಕೂಲಿ ನಾಣ್ಯದಲ್ಲೇ ಬರುತ್ತಿತ್ತು, ರೂಪಾಯಿ ಮಾಡಿಕೊಳ್ಳಲು ಅದನ್ನು ಬೇರೆಯವರಿಗೆ ಕಳಿಸಬೇಕಿತ್ತು. ಇನ್ನೊಬ್ಬರ ಕೈಕೆಳಗೆ ಹೊಲಿಯುವುದು ಸಾಕು, ತನ್ನದೇ ಅಂಗಡಿ ಹಾಕಬೇಕೆಂದು ಕೂಡಿಸಿದ್ದನ್ನೇ ಅನಾಮತ್ತು ಇಟ್ಟಿದ್ದಳು.

“ಅರುಣಣ್ಣಾ, ಅನಾಮತ್ತಿನಾಗ ಏನೂ ಉಳದಿಲ್ಲ. ನಾ ಪ್ರತಿ ಸಲಾನೂ ಬರೋಬ್ಬರಿ ‘ಬಿಡು’ ಒತ್ತೇನಿ.”

“‘ಬಿಡು’ ಯಾಕ ಒತ್ತೀದಿ ತಂಗಿ? ‘ಹೌದು’ ಒತ್ತಬೇಕಿತ್ತು.”

“ಲಾವಣಿ ಬಿಡೂದ ಅಲ್ಲೇನಣ್ಣಾ? ನೀನ ಬರದೀದಿ.”

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಪಲ್ಲವಿ ಸ್ಪೀಕರಿನ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. “ನಿಮ್ಮಪ್ಪಾರು ಲಾವಣಿ ಬಿಟ್ಟೇನಿ ಅಂತ ಮನಿಗೆ ಬಂದಾಗ ಹೊಲಾ ನಮ್ಮ ಕೈಯಾಗ ಇರ್ತಿತ್ತೇನ್ರಿ?” ಎಂದಳು.

ಇರುತ್ತಿರಲಿಲ್ಲ. ಲಾವಣಿ ಬಿಡುವುದೆಂದರೆ ಹೊಲವನ್ನು ಧಣಿಗೆ ಒಪ್ಪಿಸಿ ಕೈ ಝಾಡಿಸಿಕೊಂಡು ಬರುವುದು. ಆ ಮಾತು ಕೇಳುತ್ತ ಬೆಳೆದವನೇ ಅದನ್ನು ತಿರುಗಾಮುರುಗಾ ಬರೆದಿದ್ದ. ಇಂಗ್ಲಿಷಿನಲ್ಲೇ ಇದ್ದಿದ್ದರೆ ನಾಜಿಮಾ ಯಾರನ್ನಾದರೂ ಕೇಳುತ್ತಿದ್ದಳು. ಕನ್ನಡ ಎಂದು ನಂಬಿ ಒತ್ತಿದಳು.

ಅವಳ ಅನಾಮತ್ತು ಮರಳಿಸಿರೆಂದು ಎನರ್ಜಿ ಕೊಟ್ಟವರಿಗೆ ಬರೆದ. ಉತ್ತರ ಬರಲಿಲ್ಲ. ಬ್ಲಾಕ್‌ಚೈನಿನ ಮೇಲೆ ಆಗಿಹೋದದ್ದನ್ನು ಯಾರೂ ಅಳಿಸಲಾರರು ಎಂಬುದು ಅವನಿಗೆ ಬರೆಯುವ ಮೊದಲೇ ಗೊತ್ತಿತ್ತು. ತಪ್ಪು ನನ್ನದು ಎಂದು ಹೇಳಲು ನಾಜಿಮಾಗೆ ಮತ್ತೆ ಫೋನು ಮಾಡಿದ. ಅವಳು ಪೂರಾ ಕೇಳಿದಳು. ಅವಳ ಹಿಂದೆ ಯಾರದೋ ಅಂಗಡಿಯ ಹೊಲಿಗೆ ಮಷಿನ್ನುಗಳ ಸದ್ದು.

“ಬಿಡಣ್ಣಾ,” ಎಂದಳು. ಫೋನು ಇಟ್ಟಳು.

ಹೋಗಲಿ ಎಂದಳೋ, ನಿನ್ನ ಸಹವಾಸವೇ ಸಾಕು ಎಂದಳೋ ಅವನಿಗೆ ತಿಳಿಯಲಿಲ್ಲ. ಪಲ್ಲವಿಯನ್ನು ಮತ್ತೆ ಮತ್ತೆ ಕೇಳಿದ. “ಹೆಂಗಂದ್ಲು ಅನಸ್ತೈತಿ?”

“ನಾ ಏನ್ ಕೇಳೇನ್ರಿ? ಮೊದ್ಲ ಗುಳಿಗಿ ತಗೋರಿ.”

ಆ ಮೇಲೆ ಅವನು ಬೇರೇನೂ ಮಾತಾಡಿದ್ದಿಲ್ಲ ಎನ್ನಬೇಕು. ನೋಡಲು ಹೋದವರ ಎದುರಿಗೂ ‘ಬಿಡು’ ಎಂಬ ಅದೇ ಒಂದು ಶಬ್ದ. ಕಾಲಿಗೆ ಬಾವು ಏರಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ದಿಂಬು ಆನಿಸಿ ಕೂಡುತ್ತಿದ್ದ.

ತೀರಿಕೊಂಡ ಆ ಮಂಗಳವಾರ ಊಟ ಒಲ್ಲೆ ಎಂದ. ಪಲ್ಲವಿ ನೀರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆದು ‘ಬಿಡು’ ಅಳಿಸಿದ. ಆ ಜಾಗದಲ್ಲಿ ‘ಲಾವಣಿ ಇರಲಿ’ ಎಂದೂ, ‘ಹೌದು’ ಇದ್ದಲ್ಲಿ ‘ಲಾವಣಿ ಮುಗಿಸು’ ಎಂದೂ ಬರೆದ. ಎಲ್ಲರ ಫೋನಿಗೂ ಹೋಗುವಂತೆ ಕಳಿಸಿದ. ನಂತರ ನಾಜಿಮಾಗೆ ಮೆಸೇಜ್ ಮಾಡಿದ: “ತಂಗಿ, ಆ ಶಬ್ದ ತಗದೇನಿ. ಒಮ್ಮಿ ನೋಡವ್ವ.”

ಮೆಸೇಜಿನ ಕೆಳಗೆ ಒಂದೇ ಟಿಕ್ ಬಿತ್ತು. ಅವಳು ಫೋನು ಇಟ್ಟ ಮೇಲೆ ಕಳಿಸಿದ್ದ ಹಿಂದಿನ ಮೆಸೇಜುಗಳಿಗೂ ಒಂದೇ ಇತ್ತು. ಅತ್ತಲವರು ನಂಬರ್ ಬ್ಲಾಕ್ ಮಾಡಿದರೂ ಹೀಗಾಗುತ್ತದೆ ಎಂದು ಅಂಗಡಿಗೆ ಬಂದ ಎಷ್ಟೋ ಜನರಿಗೆ ಅವನೇ ಹೇಳಿ ಕಳಿಸಿದ್ದ. ರಿಪೇರಿಗೆ ಬಂದ ಫೋನನ್ನು ಒರೆಸುವ ಹಾಗೆ ಅಂಗಿಯ ತುದಿಯಿಂದ ಪರದೆ ಒರೆಸಿ, ಮತ್ತೆ ನೋಡಿದ.