ಕೊನೆ ಮೊದಲೇ ಹೇಳುವ ಟೈಲರಣ್ಣ

ಕಳೆದ ತಿಂಗಳು ಮೂಡುಬಿದಿರೆಯ ಒಂದು ಅಂಗಡಿಗೆ ರವಿಕೆ ಹೊಲಿಸಲು ಹೋಗಿದ್ದೆ. ನೀರು ಚಿಮುಕಿಸಿದ ಹತ್ತಿಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಹರಿದಾಗ ಒಂದು ವಾಸನೆ ಏಳುತ್ತದಲ್ಲ, ಅರ್ಧ ಗಂಜಿಯದ್ದು, ಅರ್ಧ ಸುಟ್ಟದ್ದು... ಅದು ಮೂಗಿಗೆ ಬಡಿದದ್ದೇ ತಡ, ವಾಮದಪದವಿನ ನಮ್ಮ ಟೈಲರಣ್ಣ ನೆನಪಾದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಪ್ರಯತ್ನಿಸುತ್ತೇನೆ. ಆದರೆ ಅವರು ಅದಕ್ಕೆ ಹೆಚ್ಚು ಅವಕಾಶ ಕೊಟ್ಟವರಲ್ಲ.

ಅವರ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ನೂಲಿನ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲು ಸದಾ ಓಡುತ್ತಿತ್ತು. ಅದರಲ್ಲಿ ಹಿಂದಿಗೆ ಡಬ್ ಆದ ಇಂಗ್ಲಿಷ್ ಸೀರಿಯಲ್ಲುಗಳು. ಹಾರುವ ಹೀರೋಗಳು, ಗೋಡೆಯೊಳಗಿಂದ ಬರುವ ಪ್ರೇತಗಳು. ಹೊಸ ಸೀಸನ್ ಬೆಳಿಗ್ಗೆ ಬಂದರೆ ಸಂಜೆಯೊಳಗೆ ಅವರಿಗೆ ಮುಗಿಯಬೇಕು, ಇಡೀ ಶಾಲೆಯ ಯೂನಿಫಾರ್ಮ್ ಹೊಲಿಯದೆ ಬಿದ್ದಿದ್ದರೂ ಸರಿ.

ನೋಡುತ್ತಾ ಬೈಯುವುದು ಅವರ ಅಭ್ಯಾಸ. "ಕಂಕುಳಲ್ಲಿ ತುಂಡು ಸೇರಿಸ್ಲಿಲ್ಲ ನೋಡು. ಇವ ಕೈ ಎತ್ತಿ ಹಾರಿದ್ರೆ ಲೋಕ ಉಳೀತದೋ ಇಲ್ವೋ, ಅಂಗಿ ಅಂತೂ ಉಳಿಯುವುದಿಲ್ಲ," ಎನ್ನುತ್ತಿದ್ದರು. ಪ್ರೇತದ ಕಥೆಯಾದರೆ, "ನಮ್ಮಲ್ಲಾದ್ರೆ ಜೋಯಿಸರ ಹತ್ತಿರ ಪ್ರಶ್ನೆ ಇಟ್ಟು, ಅದಕ್ಕೆ ಎಂತ ಬೇಕು ಅಂತ ಕೇಳಿ, ಕೊಟ್ಟು ಮುಗಿಸ್ತಿದ್ರು. ಇವರು ಸೀಸನ್ ಸೀಸನ್ ಟಾರ್ಚ್ ಹಿಡ್ಕೊಂಡು ಕತ್ತಲೆ ಕೋಣೆಗೆ ಇಳಿಯುವುದೇ!" ಇಷ್ಟರ ಮಟ್ಟಿಗೆ ಅವರು ಒಳ್ಳೆಯ ಜೊತೆಗಾರ. ಯಾರು ಸಾಯುತ್ತಾರೆಂದು ಗುರುತಿಸಲು ಅವರ ಬಳಿ ಒಂದು ಲೆಕ್ಕವೂ ಇತ್ತು. ಎಲ್ಲರೂ ಒಬ್ಬನಿಗೆ ಒಮ್ಮೆಲೇ ಒಳ್ಳೆಯವರಾದರೆ ಅವನ ಕಥೆ ಮುಗಿಯಿತು. ಆ ಲೆಕ್ಕ ತಪ್ಪಿದ್ದನ್ನು ನಾನು ಕಾಣೆ.

ಕೆಟ್ಟದ್ದು ಆಮೇಲೆ ಶುರುವಾಗುತ್ತಿತ್ತು. ಕೊನೆ ಏನೆಂದು ಅವರು ಹೇಳಿಬಿಡುತ್ತಿದ್ದರು, ಅದೂ ನೋಡಬೇಕೆಂದು ಆಸೆಪಟ್ಟವರಿಗೇ ಆರಿಸಿ. ನೆರಳು ಕಳಚಿಹೋದ ಹುಡುಗಿಯೊಬ್ಬಳ ಕಥೆಯ ಮುಂದಿನ ಸೀಸನ್ನಿಗೆ ನಾನು ಎಷ್ಟೋ ಕಾಲ ಕಾದಿದ್ದೆ. ಭಾನುವಾರ ಮೀನುಸಾರು ಉಂಡು ನೋಡುವುದೆಂದು ಇಟ್ಟುಕೊಂಡು, ಶನಿವಾರ ರವಿಕೆಯ ಅಳತೆ ಕೊಡಲು ಹೋದೆ. ಭುಜಕ್ಕೆ ಟೇಪ್ ಹಿಡಿದುಕೊಂಡೇ, "ಅವಳು ಸಾಯ್ತಾಳೆ. ನೆರಳು ಮಾತ್ರ ವಾಪಸ್ ಬರ್ತದೆ," ಎಂದರು. ಹೇಳಿ, ಬಗ್ಗಿ ನನ್ನ ಮುಖ ನೋಡಿದರು. ಪಕ್ಕದಲ್ಲಿದ್ದ ಕತ್ತರಿ ನನ್ನ ಕೈಗೆ ಎಟುಕದ್ದು ಅವರ ಪುಣ್ಯ.

ಹೋಗಲಿ, ಅದು ಸೀರಿಯಲ್ಲು. ಮನುಷ್ಯರನ್ನೂ ಅವರು ಬಿಡಲಿಲ್ಲ. ಪಕ್ಕದ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಗೆ ನಾರಾವಿ ಕಡೆಯ ಸಂಬಂಧ ಕುದುರಿತು. ಮದುವೆಯ ರವಿಕೆ ಹಾಕಿ ನೋಡಲು ಅವಳು ಬಂದ ದಿನ ನಾನೂ ಅಲ್ಲಿದ್ದೆ. "ಹುಡುಗನನ್ನು ನೋಡಿದೆ. ಇದು ಎರಡು ಸೀಸನ್ ಬಂದ್ರೆ ಹೆಚ್ಚು," ಎಂದರು. ಎಲ್ಲರೂ ನಕ್ಕೆವು, ಅವಳೂ ನಕ್ಕಳು. ಎರಡು ವರ್ಷ ತುಂಬುವ ಮೊದಲೇ ಅವಳು ತವರಿಗೆ ವಾಪಸ್ ಬಂದು ಮತ್ತೆ ಅದೇ ಬೇಕರಿಯಲ್ಲಿ ನಿಂತಳು. ಬೇರೆ ಯಾರಾದರೂ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಇವರು ಅವಳು ಚಹಾ ತಂದಾಗಲೆಲ್ಲ, "ನಾನು ಅವತ್ತೇ ಹೇಳಿದ್ದೆ ಅಲ್ವಾ?" ಎನ್ನುತ್ತಿದ್ದರು. ಅವಳು ಗ್ಲಾಸು ಇಟ್ಟು ಸುಮ್ಮನೆ ಹೋಗುತ್ತಿದ್ದಳು.

ಆಮೇಲೆ ಅವರಿಗೆ ಹೊಟ್ಟೆನೋವು ಶುರುವಾಯಿತು. ನಮ್ಮ ಕಡೆ ಇಂಥ ಕಾಯಿಲೆಯನ್ನು ರೋಗಿಗೆ ಹೇಳುವ ಪದ್ಧತಿಯಿಲ್ಲ, ಮನೆಯವರಿಗೆ ಹೇಳುವುದು. ಮಂಗಳೂರಿನ ಡಾಕ್ಟರು ಹೆಂಡತಿಯನ್ನು ಹೊರಗೆ ಕರೆದು ಹೇಳಿದರು. ವಾರದೊಳಗೆ ಇಡೀ ಪೇಟೆಗೆ ಗೊತ್ತಾಯಿತು, ಬಸ್ಸಿನ ಕಂಡಕ್ಟರನಿಗೂ. ಗೊತ್ತಿಲ್ಲದ್ದು ಅವರೊಬ್ಬರಿಗೇ. ಅವರ ಪಾಲಿಗೆ ಅದು ಗ್ಯಾಸ್.

ಅವರ ಹೆಂಡತಿ ನನ್ನ ಕೈ ಹಿಡಿದು ಹೇಳಿದ್ದರು: "ಅವರಿಗೆ ಗೊತ್ತಾಗ್ಬಾರ್ದು ಮಾರಾಯ್ತಿ. ಈಗ ಎರಡು ತುತ್ತು ಗಂಜಿಯಾದ್ರೂ ಇಳೀತದೆ. ಗೊತ್ತಾದ್ರೆ ಅದೂ ಬಿಡ್ತಾರೆ, ನನಗೆ ಅವರ ಗುಣ ಗೊತ್ತುಂಟು."

ವರ್ಷಗಟ್ಟಲೆ ಟೈಲರಣ್ಣನೊಡನೆ ಮಾತು ಬಿಟ್ಟಿದ್ದ ಬಾವ ಮಸ್ಕತ್ತಿನಿಂದ ಖರ್ಜೂರ ಹಿಡಿದು ಬಂದ. ಬಟ್ಟೆ ತಡವಾಯಿತೆಂದು ಬೈಯುತ್ತಿದ್ದವರೆಲ್ಲ "ನಿಧಾನ ಹೊಲಿಯಿರಿ ಅಣ್ಣ" ಎನ್ನತೊಡಗಿದರು. ಪರದೆಯ ಮೇಲೆ ಇಷ್ಟು ಕಂಡಿದ್ದರೆ ಟೈಲರಣ್ಣ ಕ್ಷಣದಲ್ಲಿ ಹೇಳಿಬಿಡುತ್ತಿದ್ದರು. ಇಲ್ಲಿ ಮಾತ್ರ, "ಜನ ಎಷ್ಟು ಒಳ್ಳೆಯವರು ನೋಡು," ಎಂದು ನನ್ನ ಬಳಿ ಖುಷಿಪಟ್ಟರು. ತನ್ನ ಅಂಗಿ ಸಡಿಲವಾಯಿತೆಂದು ತಾನೇ ಹೊಲಿಗೆ ಬಿಚ್ಚಿ ಬಿಗಿ ಮಾಡಿಕೊಂಡರು. "ಗ್ಯಾಸ್ ಇಳೀತು, ಹೊಟ್ಟೆಯೂ ಇಳೀತು," ಎಂದರು. ನನಗೆ ಅಳು ಬಂತು. ಸ್ವಲ್ಪ ಸಿಟ್ಟೂ ಬಂತು, ಇಷ್ಟೂ ತಿಳಿಯದಾ ಇವರಿಗೆ ಅಂತ.

ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದೆ. ಹೆಂಡತಿ ಗಂಜಿ ತಂದು ಕೂತಿದ್ದರು. ನೆರಳಿನ ಹುಡುಗಿಯ ಮುಂದಿನ ಸೀಸನ್ ದೀಪಾವಳಿಗೆ ಬರುತ್ತದೆಂದು ಟೈಲರಣ್ಣ ಹುರುಪಿನಲ್ಲಿದ್ದರು. ಬೇಕರಿಯ ಹುಡುಗಿ ಚಹಾ ತಂದಳು.

"ನೋಡು, ಅವಳದ್ದು ಮೂರನೇ ಸೀಸನ್ ಬರ್ತದಂತೆ. ನಿನ್ನದು ಎರಡಕ್ಕೂ ಮುಟ್ಲಿಲ್ಲ," ಎಂದು ನಕ್ಕರು.

ಅವಳು ಗ್ಲಾಸು ಇಟ್ಟಳು. ಅವತ್ತು ಹೋಗಲಿಲ್ಲ. "ದೀಪಾವಳಿಯದ್ದು ನಿಮಗೆ ಸಿಗುವುದಿಲ್ಲ ಅಣ್ಣ," ಎಂದಳು. ದನಿ ಏರಿಸಲಿಲ್ಲ. "ನಿಮಗೆ ಗ್ಯಾಸ್ ಅಲ್ಲ, ಕ್ಯಾನ್ಸರ್. ಡಾಕ್ಟರು ಹೇಳಿ ಆಗಿದೆ. ಇಡೀ ಪೇಟೆಗೆ ಗೊತ್ತುಂಟು."

ಟೈಲರಣ್ಣ ಮೊದಲು ನಕ್ಕರು. ನನ್ನ ಕಡೆ ನೋಡಿದರು, ನಾನು ರಸ್ತೆ ನೋಡಿದೆ. ಮತ್ತೆ ಹೆಂಡತಿಯ ಕಡೆ ತಿರುಗಿ, "ಹೌದಾ?" ಎಂದರು. ತಿಂಗಳುಗಟ್ಟಲೆ ಸುಳ್ಳು ಹೇಳಿದ್ದ ಆ ಹೆಂಗಸಿಗೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. ಅವರು ಬಗ್ಗಿ ನೆಲದಲ್ಲಿ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ಹೆಕ್ಕತೊಡಗಿದರು. ಹುಡುಗಿ ಟೈಲರಣ್ಣನ ಮುಖವನ್ನೇ ನೋಡುತ್ತಾ ನಿಂತಿದ್ದಳು, ಸಾಕಾಗುವಷ್ಟು ನೋಡಿ ಹೋದಳು.

ಅವತ್ತಿನ ಗಂಜಿ ಹಾಗೇ ಉಳಿಯಿತು. ಮಾರನೆಯ ದಿನದ್ದೂ... ಮೊಬೈಲನ್ನು ಅವರು ಮತ್ತೆ ಮುಟ್ಟಲಿಲ್ಲ. ಡಾಕ್ಟರು ಹೇಳಿದ ಅವಧಿ ತುಂಬುವ ಮೊದಲೇ, ಮಳೆ ಬಿಡುವ ಮೊದಲೇ ಹೋದರು.

ಉತ್ತರಕ್ರಿಯೆಯ ದಿನ, ಬೊಜ್ಜದ ಊಟಕ್ಕೆ ಬೇಕರಿಯ ಹುಡುಗಿಯೂ ಬಂದಳು. ಎಂಥ ಎದೆ ಇವಳದ್ದು ಅಂದುಕೊಂಡೆ. ಟೈಲರಣ್ಣನ ಹೆಂಡತಿ ಬಡಿಸುವವರ ಕೈಯಿಂದ ಪಾತ್ರೆ ತೆಗೆದುಕೊಂಡು ನೇರ ಅವಳ ಎಲೆಯ ಮುಂದೆ ಹೋದರು. ಅನ್ನ ಹಾಕಿದರು, ಸಾರು ಹಾಕಿದರು. ಎಲೆ ಖಾಲಿಯಾದರೆ ಮತ್ತೆ ಹಾಕಿದರು. ಸಾಕು ಅಕ್ಕ, ಸಾಕು ಎಂದು ಅವಳು ಎಲೆಗೆ ಕೈ ಅಡ್ಡ ಹಿಡಿದಳು. ಆ ಕೈಯನ್ನು ಮೆಲ್ಲ ಸರಿಸಿ ಇನ್ನಷ್ಟು ಬಡಿಸಿದರು.

"ಉಣ್ಣು ತಂಗಿ. ನೀನು ಹೇಳಿದ ಮೇಲೆ ಅವರು ಒಂದು ತುತ್ತು ಉಣ್ಲಿಲ್ಲ."

ಅವಳು ಅಳುತ್ತಾ ಉಂಡಳು, ಎಲೆಯಲ್ಲಿದ್ದದ್ದನ್ನೆಲ್ಲ. ಯಾರ ಪರ ನಿಲ್ಲಬೇಕೆಂದು ನನಗೆ ಅವತ್ತು ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ.

ಮೂಡುಬಿದಿರೆಯ ಟೈಲರು ಅಳತೆ ತೆಗೆದು, ಬುಧವಾರ ಬನ್ನಿ ಎಂದರು, ಅಷ್ಟೆ. ಆ ವಾರ ಒಂದು ಹೊಸ ಸೀಸನ್ ಬಂದಿತ್ತು. ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ, ಯಾರೂ ನನಗೆ ಹೇಳಿರಲಿಲ್ಲ. ಇಷ್ಟು ವರ್ಷ ನಾನು ಬಯಸಿದ್ದು ಅದನ್ನೇ. ಭಾನುವಾರ ನೋಡಲು ಕೂತೆ, ಅರ್ಧಕ್ಕೇ ಆರಿಸಿದೆ. ಕೊನೆ ತಿಳಿಯುವ ಆಸೆಯೇ ಹುಟ್ಟಲಿಲ್ಲ. ಆ ಕೆಟ್ಟ ಮನುಷ್ಯ ಇಲ್ಲದೆ ನನಗೆ ಬೇಸರವಾಗುತ್ತದೆ.